ಡ್ರಿಲ್ ಮೇಷ್ಟ್ರ ಸೈಕಲ್ ಕಡ್ಡಿ

ನಮ್ಮ ಡ್ರಿಲ್ ಮೇಷ್ಟ್ರು ಯಾರನ್ನೂ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಎಲ್ಲರೂ ಅವರಿಗೆ ‘ತಂಬಿ’, ಅಂದರೆ ತಮಿಳಿನಲ್ಲಿ ತಮ್ಮ. ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನ ಸಿಪಾಯಿಗಳನ್ನು ಹಾಗೆ ಕರೆಯುತ್ತಾರೆಂದು ನನಗೆ ತಿಳಿದದ್ದು 1958ರಲ್ಲಿ, ಎಂಟನೇ ಕ್ಲಾಸಿನಲ್ಲಿ.

ಮೇಷ್ಟ್ರೂ ಅದೇ ದಳದವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ತರಬೇತಿ ಮುಗಿಸಿ, ಹಡಗು ಹತ್ತಿ ಈಜಿಪ್ಟಿಗೆ, ಅಲ್ಲಿಂದ ಇಟಲಿಗೆ ಹೋಗಿದ್ದರು. ಸೇತುವೆ ಕಟ್ಟುವುದು, ನೆಲಬಾಂಬು ತೆಗೆಯುವುದು ಅವರ ಕೆಲಸ. ಎರಡನೇ ಮಹಾಯುದ್ಧದಲ್ಲಿ 25 ಲಕ್ಷಕ್ಕೆ ಬೆಳೆದಿದ್ದ ಭಾರತೀಯ ಸೈನ್ಯವನ್ನು ಆಮೇಲೆ ಕರಗಿಸಿದರು. 1946ರಲ್ಲಿ ಇವರೂ ಮನೆಗೆ ಬಂದರು. ಬ್ರಿಟಿಷರ ಕಡೆ ಹೋಗಿದ್ದವರೆಂದು ಊರಲ್ಲಿ ಯಾರೂ ಹೆಚ್ಚು ವಿಚಾರಿಸಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಒಂದು ಸಂಜೆ ಚೆಂಡು ಬೇಲಿಯಾಚೆ ಹುಲ್ಲಿಗೆ ಬಿತ್ತು. ನಾನು ಓಡಿದೆ. ‘ನಿಲ್ಲು!’ ಆ ದನಿಗೆ ಕಾಲೇ ಹೂತುಹೋಯಿತು. ಮೇಷ್ಟ್ರು ಬಂದು ಕುಕ್ಕರುಗಾಲಲ್ಲಿ ಕೂತು, ಕಾಲುಚೀಲದಿಂದ ಒಂದು ಸೈಕಲ್ ಕಡ್ಡಿ ತೆಗೆದರು. ಅಜ್ಜಿ ಇಡ್ಲಿ ಬೆಂದಿದೆಯಾ ಎಂದು ನೋಡುವಷ್ಟು ಮೆಲ್ಲಗೆ, ಅದನ್ನು ಮಣ್ಣಿಗೆ ಓರೆಯಾಗಿ ತೂರಿಸಿದರು. ಸ್ವಲ್ಪ ಬಿಟ್ಟು ಮತ್ತೆ. ಮತ್ತೆ. ಹಣೆಯಲ್ಲಿ ಬೆವರು. ನಾವ್ಯಾರೂ ನಗಲಿಲ್ಲ.

‘ನೆಟ್ಟಗೆ ಚುಚ್ಚಿದರೆ ಬಾಂಬಿನ ತಲೆಗೇ ತಾಗುತ್ತೆ’ ಅಂದರು. ಜರ್ಮನರು ಮರದ ಪೆಟ್ಟಿಗೆಯಲ್ಲೂ ಬಾಂಬು ಹೂಳುತ್ತಿದ್ದರಂತೆ. ಲೋಹ ಹುಡುಕುವ ಯಂತ್ರ ಅದರ ಮೇಲೆ ಸುಮ್ಮನಿರುತ್ತಿತ್ತು. ಆಗ ಬಯೊನೆಟ್ಟಿನ ಮೊನೆ, ಕೈಬೆರಳೇ ಗತಿ. ತೆರವಾದ ದಾರಿಗೆ ಎರಡೂ ಬದಿ ಬಿಳಿ ಪಟ್ಟಿ ಎಳೆಯುತ್ತಿದ್ದರು. ಸ್ಪೋರ್ಟ್ಸ್ ದಿನ ಸುಣ್ಣದ ಗೆರೆ ಒಂದಿಂಚು ಡೊಂಕಾದರೂ ಅವರು ಅಳಿಸಿ ಮತ್ತೆ ಎಳೆಸುತ್ತಿದ್ದದ್ದು ಯಾಕೆಂದು ನನಗೆ ಅರ್ಥವಾದದ್ದು ಅವತ್ತೇ.

ಆಮೇಲೆ ಸುಬೇದಾರ್ ಸುಬ್ರಮಣಿಯನ್ ಅವರ ಹೆಸರು ಹೇಳಿದರು. 1944ರ ಫೆಬ್ರುವರಿ 24, ಇಟಲಿಯ ಮಿನ್ಯಾನೋ. ಹಿಂದೆ ಬರುತ್ತಿದ್ದವನೊಬ್ಬ ನೆಲಬಾಂಬು ತುಳಿದ. ಸಿಡಿಯಲು ಕೆಲವೇ ಸೆಕೆಂಡು. ಸುಬೇದಾರರು ಅದರ ಮೇಲೆ ಬಿದ್ದು ಜೊತೆಯವರನ್ನು ಉಳಿಸಿದರು. ಅವರಿಗೆ ಮರಣೋತ್ತರ ಜಾರ್ಜ್ ಕ್ರಾಸ್, ಬ್ರಿಟಿಷರ ದೊಡ್ಡ ಶೌರ್ಯ ಪದಕ, ಸಂದಿತು. ‘ನಮ್ಮ ತಂಬಿ’ ಎಂದಷ್ಟೇ ಹೇಳಿ ಮೇಷ್ಟ್ರು ಮುಖ ತಿರುಗಿಸಿದರು.

ಚೆಂಡು ಹುಲ್ಲಲ್ಲೇ ಇತ್ತು. ಎದ್ದು ಹೋಗಿ ತೆಗೆದುಕೊಂಡರು. ತಮ್ಮದೇ ಹೆಜ್ಜೆಗುರುತಿನ ಮೇಲೆ ಕಾಲಿಡುತ್ತ ವಾಪಸು ಬಂದು ನನ್ನ ಕೈಗಿಟ್ಟರು.

‘ಈಗ ಆಡು ತಂಬಿ.’