ಆರು ಇಂಜೆಕ್ಟರ್ ಹೋಗಿ ಎರಡು ಕಾರ್ಬ್ಯುರೇಟರ್ ಬಂದ ಮೇಲೆ

ನನ್ನ 1975ರ ಡಾಟ್ಸನ್ 280ಝಡ್ ಕಾರು ಬೆಳಿಗ್ಗೆ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಅದರ ಸ್ವಭಾವವೇ ಬದಲಾಗುತ್ತಿತ್ತು. ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತಿತ್ತು, ಕಾರಿನೊಳಗೆಲ್ಲ ಪೆಟ್ರೋಲ್ ವಾಸನೆ ತುಂಬುತ್ತಿತ್ತು, ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಕುಂಟುತ್ತಾ ಕುಂಟುತ್ತಾ ಕೊನೆಗೆ ನಿಂತೇ ಹೋಗುತ್ತಿತ್ತು. ಪ್ಲಗ್ ಬಿಚ್ಚಿದರೆ ಆರಕ್ಕೆ ಆರೂ ಮಸಿ ಹಿಡಿದಿರುತ್ತಿದ್ದವು. ಒಂದು ಗ್ಯಾರೇಜಿನವರು ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರನ್ನು ಬದಲಿಸಿದರು, ಇನ್ನೊಂದು ಕಡೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಶುಚಿ ಮಾಡಿಕೊಟ್ಟರು. ಹೊಗೆ ಮಾತ್ರ ಹಾಗೆಯೇ ಉಳಿಯಿತು. ಎಂಟು ತಿಂಗಳು ಹೀಗೆ ಕಳೆದ ಮೇಲೆ, ಒಳಗೇನು ನಡೆಯುತ್ತಿದೆ ಎಂದು ತಿಳಿಯದ ಕಂಪ್ಯೂಟರ್ ಪೆಟ್ಟಿಗೆಯನ್ನು ನಂಬುವುದಕ್ಕಿಂತ ಕೈಯಾರೆ ತಿರುಗಿಸಬಹುದಾದ ಸ್ಕ್ರೂವನ್ನು ನಂಬುವುದು ಮೇಲು ಎಂದು ತೀರ್ಮಾನಿಸಿ, ಇಂಜೆಕ್ಷನ್ ವ್ಯವಸ್ಥೆಯನ್ನು ಪೂರ್ತಿ ಕಳಚಿ, ಎಂಜಿನ್ನಿನ ಸೆಳೆತದಿಂದಲೇ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಕೂರಿಸಲು ಹೊರಟೆ.

ಈ ಕಾರಿನ ಮಟ್ಟಿಗೆ ಅದು ಅಸಾಧ್ಯದ ಕೆಲಸವೇನೂ ಅಲ್ಲ. 280ಝಡ್ 1975ರಿಂದ 1978ರವರೆಗೆ ಬಾಷ್ ಕಂಪನಿಯ ಎಲ್-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ನಿನೊಂದಿಗೆ ಬಂದ ಕಾರು. ಅದಕ್ಕೂ ಹಿಂದಿನ 240ಝಡ್ ಕಾರಿನಲ್ಲಿ ಎಸ್‌ಯು ಮಾದರಿಯ ಎರಡು ಹಿಟಾಚಿ ಕಾರ್ಬ್ಯುರೇಟರುಗಳಿದ್ದವು. ಎರಡರಲ್ಲೂ ಇರುವುದು ಒಂದೇ ಕುಟುಂಬದ, ಸಾಲಾಗಿ ಆರು ಸಿಲಿಂಡರುಗಳ ಎಲ್-ಸರಣಿ ಎಂಜಿನ್ ಆದ್ದರಿಂದ ಹಳೆಯ ಕಾರಿನ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳ ಜೋಡಣೆ) ಹೊಸದರ ಸಿಲಿಂಡರ್ ಹೆಡ್ಡಿಗೆ ಕೂರುತ್ತದೆ. ನಾನು ಮ್ಯಾನಿಫೋಲ್ಡ್ ಸಮೇತ ಒಂದು ಹಳೆಯ ಜೋಡಿಯನ್ನು ಕೊಂಡು, ಒಳಭಾಗಗಳನ್ನೆಲ್ಲ ತೊಳೆದು, ಗ್ಯಾಸ್ಕೆಟ್ ಬದಲಿಸಿ ಸಿದ್ಧಮಾಡಿಟ್ಟಿದ್ದೆ. ಕಾನೂನನ್ನೂ ಮೊದಲೇ ನೋಡಿಕೊಳ್ಳಬೇಕು: ಉದಾಹರಣೆಗೆ ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ, 1976ರ ಮಾದರಿಗೆ ಇಲ್ಲ.

ಶನಿವಾರವೆಲ್ಲ ಕಳಚುವುದರಲ್ಲೇ ಹೋಯಿತು. ಅದಕ್ಕಿಂತ ಹೆಚ್ಚು ಯೋಚನೆ ಬೇಡಿದ್ದು ಪೆಟ್ರೋಲ್ ಪಂಪು. ಇಂಜೆಕ್ಷನ್ನಿಗೆ ಸುಮಾರು 36 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಬೇಕು, ಕಾರ್ಬ್ಯುರೇಟರಿಗೆ ಮೂರು, ಮೂರೂವರೆ ಸಾಕು. ಹಳೆಯ ಪಂಪನ್ನೇ ಹಾಗೆಯೇ ಜೋಡಿಸಿದರೆ, ಪೆಟ್ರೋಲ್ ಮಟ್ಟ ಏರಿದಾಗ ಒಳಹರಿವನ್ನು ಮುಚ್ಚುವ ಫ್ಲೋಟ್ ಎಷ್ಟೇ ಮೇಲೆದ್ದರೂ ಆ ಒತ್ತಡವನ್ನು ತಡೆಯಲಾರದೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ, ಅದೂ ಬಿಸಿ ಎಕ್ಸಾಸ್ಟಿನ ನೇರ ಮೇಲೆ. ಆದ್ದರಿಂದ ಕಡಿಮೆ ಒತ್ತಡದ ಹೊಸ ಪಂಪನ್ನು ಹಾಕಿದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ ಇದೆ, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಏರ್‌ಫ್ಲೋ ಮೀಟರಿನೊಳಗಿನ ರೆಕ್ಕೆ ಗಾಳಿಯ ಸೆಳೆತಕ್ಕೆ ತೆರೆದಿರುವಾಗ ಮಾತ್ರ ಮೂಲ ಪಂಪಿಗೆ ಕರೆಂಟು ಹೋಗುವ ಏರ್ಪಾಡು ಇತ್ತು. ಅಪಘಾತವಾಗಿ ಎಂಜಿನ್ ನಿಂತರೆ ರೆಕ್ಕೆ ಮುಚ್ಚಿಕೊಂಡು ಪಂಪೂ ನಿಲ್ಲುತ್ತಿತ್ತು. ಮೀಟರ್ ತೆಗೆದೆವೆಂದರೆ ಆ ಕಾವಲನ್ನೂ ತೆಗೆದಂತೆಯೇ. ಹೊಸ ಪಂಪನ್ನು ಬರೀ ಇಗ್ನಿಷನ್ ಕೀಲಿಗೆ ಜೋಡಿಸಿದರೆ ಕಾರು ಮಗುಚಿ ಬಿದ್ದರೂ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಡಿಕ್ಕಿಯ ಕುಲುಕಾಟಕ್ಕೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ ಒಂದನ್ನು ನಡುವೆ ಹಾಕಿದ ಮೇಲೆಯೇ ನನಗೆ ಸಮಾಧಾನವಾದದ್ದು.

ಮ್ಯಾನಿಫೋಲ್ಡ್ ಕೂರಿಸುವಾಗ ಇನ್ನೊಂದು ತೊಡಕು ಎದುರಾಯಿತು. ಈ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ಮ್ಯಾನಿಫೋಲ್ಡೂ ಹೊಗೆ ಹೊರಬರುವ ಮ್ಯಾನಿಫೋಲ್ಡೂ ಒಂದೇ ಮಗ್ಗುಲಲ್ಲಿವೆ. ಕೆಲವು ಸ್ಟಡ್ಡುಗಳ ಮೇಲೆ ಒಂದೇ ದಪ್ಪ ವಾಷರ್ ಎರಡನ್ನೂ ಒಟ್ಟಿಗೆ ಅದುಮಿ ಹಿಡಿಯಬೇಕು. ನಾನು ತಂದ ಮ್ಯಾನಿಫೋಲ್ಡಿನ ಅಂಚು ಎಕ್ಸಾಸ್ಟಿನ ಅಂಚಿಗಿಂತ ತುಸು ತೆಳುವಾಗಿದ್ದುದರಿಂದ ವಾಷರ್ ಓರೆಯಾಗಿ ಕೂತು ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟಿತು. ಬರಿಗಣ್ಣಿಗೆ ಕಾಣದ ಆ ಸಂದಿನಿಂದ ಗಾಳಿ ಒಳನುಗ್ಗಿದರೆ ಆಮೇಲೆ ಎಷ್ಟು ಟ್ಯೂನ್ ಮಾಡಿದರೂ ವ್ಯರ್ಥ. ವಾಷರುಗಳ ಒಂದು ಮಗ್ಗುಲನ್ನು ಅರದಿಂದ ಉಜ್ಜಿ, ಅಳೆದು, ಮತ್ತೆ ಉಜ್ಜಿ, ಎರಡೂ ಅಂಚುಗಳ ಮೇಲೆ ಸಮನಾಗಿ ಕೂರುವಂತೆ ಮಾಡುವ ಹೊತ್ತಿಗೆ ಕತ್ತಲಾಗಿತ್ತು.

ಭಾನುವಾರ ಬೆಳಿಗ್ಗೆ ಕಾರ್ಬ್ಯುರೇಟರುಗಳ ಕಾಲದಲ್ಲೇ ಕೆಲಸ ಕಲಿತ ಹಿರಿಯ ಮೆಕ್ಯಾನಿಕ್ ಒಬ್ಬರು ನನ್ನ ಕೋರಿಕೆಯ ಮೇರೆಗೆ ಬಂದರು. ಎರಡೂ ಕಾರ್ಬ್ಯುರೇಟರುಗಳ, ಪೆಟ್ರೋಲ್ ಪ್ರಮಾಣವನ್ನು ಹೊಂದಿಸುವ ಮಿಕ್ಸ್ಚರ್ ನಟ್ಟುಗಳನ್ನು ಪೂರ್ತಿ ಮೇಲಕ್ಕೆ ಬಿಗಿದು, ಅಲ್ಲಿಂದ ಎರಡೂವರೆ ಸುತ್ತು ಕೆಳಗಿಳಿಸಿ, ಒಳಗಿನ ಪಿಸ್ಟನ್ನಿನ ಓಟವನ್ನು ನಿಧಾನಿಸುವ ಡ್ಯಾಂಪರಿಗೆ ತೆಳು ಎಣ್ಣೆ ಹಾಕಿ, ಚೋಕ್ ಎಳೆದು ಕೀಲಿ ತಿರುಗಿಸಿದೆವು. ಎಂಜಿನ್ ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹತ್ತಿಕೊಂಡಿತು. ನಾನು ಕೂಡಲೇ ನಟ್ಟಿಗೆ ಕೈಹಾಕಲು ಹೋದಾಗ ಅವರು ತಡೆದರು: “ಮೊದಲು ಗಾಳಿ ನೋಡಿ, ಆಮೇಲೆ ಪೆಟ್ರೋಲ್. ಹಿಂದುಮುಂದಾದ್ರೆ ಸಂಜೆವರೆಗೂ ತಿರುಗಿಸ್ತಾನೇ ಕೂರಬೇಕಾಗುತ್ತೆ.”

ಒಂದು ಗೇಣುದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು ಕೇಳಬೇಕು. ಮುಂದಿನದರಲ್ಲಿ ‘ಸ್ಸ್’ ಎಂಬ ಶಬ್ದ ಗಟ್ಟಿಯಾಗಿ, ಹಿಂದಿನದರಲ್ಲಿ ಮೆಲ್ಲಗೆ ಕೇಳಿಸುತ್ತಿತ್ತು; ಎಂದರೆ ಮುಂದಿನ ಮೂರು ಸಿಲಿಂಡರುಗಳೇ ಭಾರವನ್ನೆಲ್ಲ ಹೊತ್ತಿದ್ದವು. ಕಾರು ನಿಂತಿರುವಾಗಿನ ಎಂಜಿನ್ ವೇಗವನ್ನು ಹೊಂದಿಸುವ ಐಡ್ಲಿಂಗ್ ಸ್ಕ್ರೂಗಳನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಎರಡೂ ಶಬ್ದಗಳನ್ನು ಒಂದೇ ಶ್ರುತಿಗೆ ತಂದೆವು. ನಂತರ ಮಿಶ್ರಣ. ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಕೆಳಗಿನ ಪಿನ್ನಿನಿಂದ ಒಂದು ಮಿಲಿಮೀಟರಿನಷ್ಟು ಎತ್ತಿದಾಗ ಎಂಜಿನ್ ವೇಗ ಏರಿ ಏರಿಯೇ ಉಳಿದರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ, ಕ್ಷಣಕಾಲ ಏರಿ ಮತ್ತೆ ಮೊದಲಿನ ಲಯಕ್ಕೆ ಮರಳಿದರೆ ಸರಿ. ಹಿಂದಿನ ಕಾರ್ಬ್ಯುರೇಟರಿನ ನಟ್ಟನ್ನು ಕೊನೆಯದಾಗಿ ಒಂದು ಮೂಲೆಯಷ್ಟು ತಿರುಗಿಸಿದಾಗ, ಅಷ್ಟು ಹೊತ್ತು ನಡುಗುತ್ತಿದ್ದ ಏರ್‌ಕ್ಲೀನರಿನ ಮುಚ್ಚಳ ಪಕ್ಕದ ಮೇಜಿನ ಮೇಲೆ ಸ್ತಬ್ಧವಾದದ್ದನ್ನು ನಾನು ಕಣ್ಣಾರೆ ಕಂಡೆ. ಎಂಟು ತಿಂಗಳ ನಂತರ ಬಿಸಿ ಎಂಜಿನ್ ಹೊಗೆಯಿಲ್ಲದೆ ಉಸಿರಾಡುತ್ತಿತ್ತು. ನನಗೆ ಗಂಟಲು ಕಟ್ಟಿತು.

ಎರಡು ವಾರಗಳ ನಂತರ, ತೆಗೆದಿಟ್ಟಿದ್ದ ಇಂಜೆಕ್ಷನ್ ವೈರಿಂಗನ್ನು ಸುತ್ತಿ ಡಬ್ಬಕ್ಕೆ ತುಂಬುವಾಗ, ಎಂಜಿನ್ ನೀರಿನ ಉಷ್ಣತೆಯನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರಿನ ಕನೆಕ್ಟರ್ ಕೈಗೆ ಸಿಕ್ಕಿತು. ಅದರ ರಬ್ಬರ್ ಟೋಪಿ ಮುಟ್ಟಿದ ಕೂಡಲೇ ಪುಡಿಯಾಯಿತು. ಒಳಗಿನ ಎರಡು ತಗಡುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಮಲ್ಟಿಮೀಟರ್ ಹಿಡಿದು ನೋಡಿದೆ. ಸೆನ್ಸರಿನಲ್ಲಿ ದೋಷವಿರಲಿಲ್ಲ: ಕೋಣೆಯ ಉಷ್ಣತೆಯಲ್ಲಿ ಸುಮಾರು 2,500 ಓಮ್ (ವಿದ್ಯುತ್ ತಡೆಯ ಅಳತೆ; ಎಂಜಿನ್ ತಣ್ಣಗಿದ್ದಷ್ಟೂ ಇದು ಹೆಚ್ಚು), 80 ಡಿಗ್ರಿಯ ಬಿಸಿನೀರಿನಲ್ಲಿ 300ರ ಆಸುಪಾಸು, ಎರಡೂ ಇರಬೇಕಾದ ಅಳತೆಗಳೇ. ಕನೆಕ್ಟರ್ ಸಿಕ್ಕಿಸಿ ವೈರಿನ ಆಚೆ ತುದಿಯಿಂದ ಅಳೆದಾಗ ಮಾತ್ರ ಎರಡು ಸಾವಿರ ಓಮ್ ಹೆಚ್ಚಾಗಿ ಬಂತು.

ಎಂಟು ತಿಂಗಳ ಒಗಟು ಅಲ್ಲೇ ಬಿಡಿಸಿಕೊಂಡಿತು. ಎಂಜಿನ್ ಕುದಿಯುವಷ್ಟು ಬಿಸಿಯಾಗಿದ್ದಾಗಲೂ ಆ ಕಿಲುಬಿನ ಕಾರಣದಿಂದ ಕಂಪ್ಯೂಟರಿಗೆ ತಲುಪುತ್ತಿದ್ದುದು ತಣ್ಣನೆಯ ಎಂಜಿನ್ನಿನ ಸುದ್ದಿ. ಅದು ತನಗೆ ತಿಳಿಸಿದ್ದನ್ನು ನಂಬಿ ಹೆಚ್ಚುವರಿ ಪೆಟ್ರೋಲ್ ಸುರಿಸುತ್ತಲೇ ಇತ್ತು. ಬೆಳಗಿನ ಹೊತ್ತು ಎಂಜಿನ್ ನಿಜವಾಗಿಯೂ ತಣ್ಣಗಿರುತ್ತಿದ್ದುದರಿಂದ ಆ ತಪ್ಪು ಸುದ್ದಿಯಿಂದ ಅಂಥ ಕೆಡುಕಾಗುತ್ತಿರಲಿಲ್ಲ, ಆದ್ದರಿಂದಲೇ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತಿತ್ತು. ಮೀಟರ್, ಇಂಜೆಕ್ಟರ್, ಕಂಪ್ಯೂಟರ್ ಎಲ್ಲವೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವು. ಹತ್ತು ನಿಮಿಷದಲ್ಲಿ ಕೆರೆದು ತೆಗೆಯಬಹುದಾದ ಕಿಲುಬಿಗಾಗಿ ನಾನು ಇಡೀ ವ್ಯವಸ್ಥೆಯನ್ನೇ ಕಳಚಿದ್ದೆ ಎಂಬ ನೋವು ಈಗಲೂ ಇದೆ.

ಕಾರ್ಬ್ಯುರೇಟರ್ ಹಾಕಿದ್ದಕ್ಕೆ ಪಶ್ಚಾತ್ತಾಪವಿದೆ ಎಂದಲ್ಲ. ಆಕ್ಸಿಲರೇಟರ್ ಒತ್ತಿದಾಗ ಆ ಎರಡು ಬಾಯಿಗಳು ಗಾಳಿ ಎಳೆದುಕೊಳ್ಳುವ ಸದ್ದು ನನಗೆ ತುಂಬ ಪ್ರಿಯ. ಆದರೆ ಬಿಸಿಲಿನಲ್ಲಿ ಬಹಳ ಹೊತ್ತು ಓಡಿಸಿ ನಿಲ್ಲಿಸಿದರೆ ಫ್ಲೋಟ್ ಬಟ್ಟಲಿನಲ್ಲಿ ಪೆಟ್ರೋಲ್ ಕುದಿಯುತ್ತದೆ, ಅದಕ್ಕೆ ಶಾಖ ತಡೆಯುವ ತಗಡು ಹಾಕಬೇಕಾಯಿತು. ಬೆಳಿಗ್ಗೆ ಚೋಕ್ ಎಳೆದು ಎರಡು ನಿಮಿಷ ಕಾಯಬೇಕು. ಇದೇ ಬದಲಾವಣೆ ಮಾಡಲು ಹೊರಟವರು ನನ್ನನ್ನು ಕೇಳಿದರೆ, ಕಾರ್ಬ್ಯುರೇಟರ್ ಎಲ್ಲಿ ಸಿಗುತ್ತದೆ ಎಂದು ಹೇಳುವ ಮೊದಲು, ಕಂಪ್ಯೂಟರಿನ 35 ಪಿನ್ನುಗಳ ಕನೆಕ್ಟರನ್ನು ಬಿಚ್ಚಿ ಅಲ್ಲಿಂದಲೇ ಒಂದೊಂದು ಸೆನ್ಸರಿನ ಓಮ್ ಅಳೆದು ಬರೆದುಕೊಂಡು ಬನ್ನಿ ಎನ್ನುತ್ತೇನೆ.

ಆ ಕನೆಕ್ಟರಿಗೆ ಹೊಸ ತಗಡುಗಳನ್ನು ಕೂರಿಸಿ ಮತ್ತೊಮ್ಮೆ ಅಳೆದೆ. ಆಚೆ ತುದಿಯಲ್ಲೂ ಸೆನ್ಸರಿನಷ್ಟೇ ಓಮ್ ಬಂತು. ಅಳತೆಯನ್ನೂ ದಿನಾಂಕವನ್ನೂ ಒಂದು ಚೀಟಿಯಲ್ಲಿ ಬರೆದು ವೈರಿಗೆ ಕಟ್ಟಿ, ಆರೂ ಇಂಜೆಕ್ಟರುಗಳ ಬಾಯಿ ಮುಚ್ಚಿ, ಎಲ್ಲವನ್ನೂ ಒಂದೇ ಡಬ್ಬದಲ್ಲಿ ಇಟ್ಟಿದ್ದೇನೆ.