ಸೊಪ್ಪಿನ ಬೆಟ್ಟದ ಲಂಟಾನ: ಅರೆಯವರೆಗೆ ಬಂತು ಕೆಲಸ

ಶಿರಸಿ ಸೀಮೆಯಲ್ಲಿ ತೋಟಕ್ಕೆ ಸೊಪ್ಪು ತರುವ ಕಾಡಿಗೆ ಸೊಪ್ಪಿನ ಬೆಟ್ಟ ಅನ್ನುತ್ತೇವೆ. ನಮ್ಮ ಬೆಟ್ಟದಲ್ಲಿ ಲಂಟಾನ ಎಂಬ ಕಳೆಪೊದೆ ತೆಗೆಯುವ ಕೆಲಸ ಈಗ ನೀರು ಹರಿಯುವ ಅಬ್ಬಿಯಿಂದ ಮೇಲಿನ ಅರೆಯವರೆಗೆ, ಅಂದರೆ ಹಾಸುಬಂಡೆಯವರೆಗೆ ಬಂದಿದೆ. ಕೆಳಗಿನ ಭಾಗ ಮುಗಿಯಿತು. ಅಲ್ಲಿ ಒಂದು ಹನಿ ಕಳೆನಾಶಕವೂ ಬಿದ್ದಿಲ್ಲ.

ಮಳೆ ಬಿಟ್ಟ ಹೊಸತರಲ್ಲಿ ಮಣ್ಣು ಮೆತ್ತಗಿರುತ್ತದೆ. ಆಗ ಪಿಕಾಸಿಗೆ ಬುಡ ಸಲೀಸಾಗಿ ಸಿಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ತೋರಿಸಿಕೊಟ್ಟ ಕ್ರಮವನ್ನೇ ಅನುಸರಿಸಿದೆವು. ಕಾಂಡ ಮುಗಿದು ಬೇರು ಶುರುವಾಗುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಮಣ್ಣೊಳಗೇ ತಾಯಿಬೇರು ಕಡಿಯುವುದು. ಆಮೇಲೆ ಇಡೀ ಮೆಳೆಯನ್ನು ಬುಡ ಮೇಲೆ ಮಾಡಿ ಮಗುಚಿಡುವುದು. ಕಾಂಡ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತದೆ. ಕತ್ತಿಯಲ್ಲಿ ಸುಮ್ನೆ ಸವರಿ ಬಂದರಂತೂ ಮುಂದಿನ ಮಳೆಗೆ ಮೊದಲಿಗಿಂತ ಜಾಸ್ತಿ ಚಿಗುರು.

ಕಷ್ಟ ಇರುವುದು ಅರೆಯ ಹತ್ತಿರ. ಕಲ್ಲಿನ ಸಂದಿಯಲ್ಲಿ ತೋಳು ದಪ್ಪದ ಹಳೇ ಬುಡಗಳಿವೆ. ಪಿಕಾಸಿ ಇಳಿಯುವುದಿಲ್ಲ. ಎಳೆದರೆ ಪಕ್ಕದ ಮುರುಗಲು, ಹೊನ್ನೆ ಸಸಿಗಳೂ ಕಿತ್ತು ಬರುತ್ತವೆ. ‘ಪಂಪ್ ತಗೊಂಡು ಮೇಲಿಂದ ಹೊಡೆದುಬಿಡು ಮಾರಾಯ’ ಅಂತ ಊರಲ್ಲಿ ಹೇಳುವವರಿದ್ದಾರೆ. ಅದು ಬೇಡವೇ ಬೇಡ. ಗ್ಲೈಫೋಸೇಟ್ ಎಂಬ ಕಳೆನಾಶಕಕ್ಕೆ ಲಂಟಾನ, ಹೊನ್ನೆ ಅಂತ ಭೇದವಿಲ್ಲ, ಎಲೆಗೆ ಬಿದ್ದರೆ ಎರಡನ್ನೂ ಒಣಗಿಸುತ್ತದೆ. ಔಷಧಿ ಎಲೆಗೆ ಅಂಟಲಿ ಎಂದು ಅದರ ಕೆಲವು ಬಗೆಗಳಲ್ಲಿ ಸೇರಿಸುವ ಸೋಪಿನಂಥ ರಾಸಾಯನಿಕ ಕಪ್ಪೆಮರಿಗಳಿಗೆ ವಿಷ. ನಮ್ಮ ಮನೆಗೆ ಕುಡಿಯುವ ನೀರು ಬರುವುದೂ ಅದೇ ಅಬ್ಬಿಯಿಂದ.

ಹಾಗಾಗಿ ಅರೆಯ ಮೇಲೆ ಮಾತ್ರ, ಕಡಿದ ಬುಡಕ್ಕೆ ಮಾತ್ರ ಔಷಧಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿ, ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಲೈಸೆನ್ಸ್ ಇದ್ದವರೇ ಬಳಸಬೇಕು ಎಂದಿತು. ಅಂಥವರನ್ನೇ ಕರೆಸಿದೆವು. ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕಿನ (ಉದುರಿದ ಒಣ ಎಲೆ) ಹಕ್ಕು ಅಷ್ಟೇ. ಅದಕ್ಕೇ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡೆವು.

ಕಡಿಯುವುದು ನಾವು, ಹಚ್ಚುವುದು ಅವರು. ಬುಡವನ್ನು ನೆಲಕ್ಕೆ ಹತ್ತಿರ, ಮಟ್ಟವಾಗಿ ಕಡಿಯಬೇಕು. ಓರೆಯಾದರೆ ಔಷಧಿ ಜಾರಿ ಮಣ್ಣಿಗೆ ಹೋಗುತ್ತದೆ. ಗರಗಸದ ಹುಡಿ ಒರೆಸಿದ ಕೂಡಲೇ ಚಿಕ್ಕ ಬ್ರಷ್‌ನಲ್ಲಿ ಹಚ್ಚುತ್ತಾರೆ. ನಡುವಿನ ತಿರುಳಿಗೆ ಬಳಿದು ಪ್ರಯೋಜನವಿಲ್ಲ. ತೊಗಟೆಯ ಒಳಮೈಗೆ ತಾಗಿ ಒಂದು ಒದ್ದೆ ಉಂಗುರ ಮಿನುಗುತ್ತದಲ್ಲ, ಔಷಧಿ ಬೇರಿಗೆ ಇಳಿಯುವುದು ಅಲ್ಲಿಂದ. ಕೆಲವೇ ನಿಮಿಷ ತಡವಾದರೂ ಅದು ಆರಿ ಮುಚ್ಚಿಕೊಳ್ಳುತ್ತದೆ. ಔಷಧಿಗೆ ನೀಲಿ ಬಣ್ಣ ಬೆರೆಸಿದ್ದರಿಂದ ಯಾವ ಬುಡ ಬಿಟ್ಟುಹೋಯ್ತು ಅಂತ ನಿಂತಲ್ಲೇ ಗೊತ್ತಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಹಚ್ಚಿಸಿದ್ದಕ್ಕೂ ಕಾರಣವಿದೆ. ಆಗ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುತ್ತಿರುತ್ತದೆ, ಔಷಧಿಯೂ ಅದರ ಜೊತೆ ಹೋಗುತ್ತದೆ. ರಸ ಮೇಲೇರುವ ಚಿಗುರಿನ ಕಾಲದಲ್ಲಿ ಇಷ್ಟು ಚೆನ್ನಾಗಿ ಕೆಲಸ ಆಗುವುದಿಲ್ಲ.

ಫೆಬ್ರವರಿಯಲ್ಲಿ ಹೋಗಿ ಬುಡಗಳ ತೊಗಟೆಯನ್ನು ಉಗುರಿನಲ್ಲಿ ಕೆರೆದು ನೋಡಿದೆ. ಹೆಚ್ಚಿನವು ಒಳಗೆಲ್ಲ ಕಂದು, ಒಣಗಿ ಪುಡಿಯಾಗುತ್ತಿದ್ದವು. ಕೆಲವು ಮಾತ್ರ ಒಂದು ಬದಿ ಹಸಿರಾಗಿಯೇ ಇದ್ದವು. ಎಲ್ಲವೂ ಹಲವು ಕವಲಿನ ಬುಡಗಳು, ಒಂದು ಕವಲಿಗೆ ಔಷಧಿ ತಾಗಿಲ್ಲ ಅಂದರೂ ಅಲ್ಲಿಂದ ಚಿಗುರು. ಅವಕ್ಕೆ ಈ ವರ್ಷ ಇನ್ನೊಂದು ಸಲ ಆಗಬೇಕು. ಹೊನ್ನೆ ಸಸಿಗಳಿಗೆ ಏನೂ ಆಗಿಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟ ಸಂಗತಿ.

ಮೇಲಿನ ಅಂಚಿನ ಅಕೇಶಿಯಾಕ್ಕೆ ಔಷಧಿ ಬೇಡ ಅಂತ ತೀರ್ಮಾನಿಸಿದ್ದೇವೆ. ತೀರಾ ತಗ್ಗಿಸಿ ಕಡಿದರೆ ಅದು ಚಿಗುರುವುದು ಕಡಿಮೆ. ತಲೆನೋವು ಅದರ ಬೀಜದ್ದು. ಗಟ್ಟಿ ಸಿಪ್ಪೆಯ ಬೀಜ ವರ್ಷಗಟ್ಟಲೆ ಮಣ್ಣಲ್ಲಿ ಕಾಯುತ್ತದೆ, ಬೆಂಕಿ ಬಿದ್ದರೆ ಒಟ್ಟಿಗೆ ಹುಟ್ಟುತ್ತದೆ. ಅದಕ್ಕೇ ಒಣ ಲಂಟಾನದ ರಾಶಿಗೂ ಬೆಂಕಿ ಹಾಕುತ್ತಿಲ್ಲ, ಇಳಿಜಾರಿಗೆ ಅಡ್ಡಲಾಗಿ ಒಟ್ಟಿದ್ದೇವೆ. ಮಳೆ ಹಿಡಿದ ಮೇಲೆ ಹಕ್ಕಿ ತಂದು ಹಾಕಿದ ಲಂಟಾನ ಸಸಿಗಳನ್ನು ಕೈಯಲ್ಲೇ ಕೀಳಬೇಕು. ತೆರವಾದ ಜಾಗಕ್ಕೆ ಮತ್ತಿ, ಉಪ್ಪಾಗೆ ಸಸಿ ತಯಾರಿವೆ.