ಪ್ರಾರ್ಥನೆ ಇಲ್ಲದ ಮನೆಯ ಈಸ್ಟರ್

ಓಸ್ಲೋಗೆ ಬಂದ ಮೊದಲ ವರ್ಷ, ಈಸ್ಟರ್ ವಾರದಲ್ಲಿ ಊರಿಗೆ ಊರೇ ಖಾಲಿಯಾಗಿತ್ತು. ಗುರುವಾರ ಅಂಗಡಿಗಳಿಗೆ ಬೀಗ, ಶುಕ್ರವಾರವೂ ಬೀಗ. ಶನಿವಾರ ಮಧ್ಯಾಹ್ನದವರೆಗೆ ತೆರೆದು, ಭಾನುವಾರ ಸೋಮವಾರ ಮತ್ತೆ ಬೀಗ. ಇಷ್ಟು ಜನ ಚರ್ಚಿಗೆ ಹೋಗಿರಬಹುದೆಂದುಕೊಂಡು ಹತ್ತಿರದ ಚರ್ಚಿನ ತನಕ ನಡೆದು ಹೋದೆ. ಒಳಗಿದ್ದವರು ಮೂವತ್ತೋ ನಲವತ್ತೋ ಜನ, ಹೆಚ್ಚಿನವರು ವಯಸ್ಸಾದವರು. ಹಾಗಾದರೆ ಉಳಿದವರೆಲ್ಲ ಎಲ್ಲಿ?

ಅದಕ್ಕೆ ಉತ್ತರ ಸಿಕ್ಕಿದ್ದು ಮರುವರ್ಷ, 2024ರಲ್ಲಿ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಸಹೋದ್ಯೋಗಿ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, “ಪೋಸ್ಕೆಗೆ ಏನು ಮಾಡ್ತೀಯ?” ಎಂದು ಕೇಳಿದಳು. ನಾರ್ವೆಯವರ ಬಾಯಲ್ಲಿ ಈಸ್ಟರ್ ಎಂದರೆ ಪೋಸ್ಕೆ. ನಾನು ದೇವರನ್ನು ನಂಬುವುದಿಲ್ಲ, ಯಾವ ಹಬ್ಬವನ್ನೂ ಮಾಡುವುದಿಲ್ಲ ಎಂದೆ. “ನಾವೂ ನಂಬಲ್ಲ. ಅದಕ್ಕೇ ಬೆಟ್ಟದ ಮನೆಗೆ ಹೋಗ್ತೀವಿ, ನೀನೂ ಬಾ” ಎಂದಳು.

ನನ್ನ ನಂಬಿಕೆ ಕಳಚಿಕೊಂಡು ಆಗ ಹತ್ತು ವರ್ಷವಾಗಿತ್ತು. ಅದರ ಹಿಂದೆಯೇ ಹಬ್ಬಗಳೂ ಹೋಗಿದ್ದವು. ನಂಬದೆ ಆಚರಿಸಿದರೆ ನಾಟಕವಾಗುತ್ತದೆ, ನಂಬುವವರಿಗೂ ನನಗೂ ಮೋಸ ಮಾಡಿಕೊಂಡಂತಾಗುತ್ತದೆ ಎಂದು ಬಿಟ್ಟದ್ದು. ಬಿಟ್ಟದ್ದಕ್ಕೆ ಬೇಸರವಿರಲಿಲ್ಲ. ಆದರೆ ಆಮೇಲೆ ವರ್ಷಗಳು ಗಂಟಿಲ್ಲದ ದಾರದ ಹಾಗೆ ಕೈಯಿಂದ ಜಾರಿ ಹೋಗತೊಡಗಿದವು. ಯಾವುದು ಯಾವ ವರ್ಷ ಎಂದು ನೆನಪಿಟ್ಟುಕೊಳ್ಳಲು ಏನೂ ಇರಲಿಲ್ಲ. ಬರುತ್ತೇನೆ ಎಂದು ಒಪ್ಪಿಕೊಂಡದ್ದಕ್ಕೆ ಕಾರಣ ಅದೇ ಇರಬೇಕು.

ಬುಧವಾರ ಮಧ್ಯಾಹ್ನ ಬರ್ಗನ್ ಕಡೆಗೆ ಹೋಗುವ ರೈಲು ಹತ್ತಿದೆವು. ನಾನು, ಸಹೋದ್ಯೋಗಿ, ಅವಳ ಹದಿನೈದರ ಮಗಳು. ಯೈಲೋ ನಿಲ್ದಾಣಕ್ಕೆ ಸುಮಾರು ಮೂರೂವರೆ ಗಂಟೆ ದಾರಿ. ಪ್ರತಿ ಸೀಟಿನ ಮೇಲೂ ಸ್ಕೀ, ಬೆನ್ನಿನ ಚೀಲ, ಕಿತ್ತಳೆ ಹಣ್ಣು ತುಂಬಿದ ಬಲೆಚೀಲ. ಆ ವಾರ ನಾರ್ವೆಯಲ್ಲಿ ಖರ್ಚಾಗುವಷ್ಟು ಕಿತ್ತಳೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

“ಈ ರೈಲಿನಿಂದಲೇ ನಮ್ಮ ಪೋಸ್ಕೆಯ ಕೊಲೆಗಳು ಶುರುವಾಗಿದ್ದು, ಗೊತ್ತಾ?” ಎಂದಳು ಹುಡುಗಿ. 1923ರ ಮಾರ್ಚ್‌ನಲ್ಲಿ, ಈಸ್ಟರ್ ಹತ್ತಿರ ಬಂದಿದ್ದಾಗ, ಆಫ್ಟೆನ್‌ಪೋಸ್ಟೆನ್ ಪತ್ರಿಕೆಯ ಮುಖಪುಟದಲ್ಲಿ ಬರ್ಗನ್ ರೈಲು ರಾತ್ರಿ ಲೂಟಿಯಾಯಿತು ಎಂದು ದೊಡ್ಡ ಅಕ್ಷರದ ಸಾಲೊಂದು ಬಂತಂತೆ. ನಿಜಕ್ಕೂ ಅದು ಹೊಸ ಪತ್ತೇದಾರಿ ಕಾದಂಬರಿಯೊಂದರ ಜಾಹೀರಾತು. ಓದಿದವರಲ್ಲಿ ಎಷ್ಟೋ ಜನ ಸುದ್ದಿ ಎಂದೇ ಗಾಬರಿಯಾದರು, ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಅಲ್ಲಿಂದ ಬೆಳೆದು ಬಂದದ್ದು ಪೋಸ್ಕೆಕ್ರಿಮ್, ಅಂದರೆ ಈಸ್ಟರ್ ರಜೆಯಲ್ಲಿ ಪತ್ತೇದಾರಿ ಕಥೆ ಓದುವ, ಕೇಳುವ, ನೋಡುವ ರೂಢಿ. ಪುಸ್ತಕದಂಗಡಿ, ರೇಡಿಯೊ, ಟಿವಿ ಎಲ್ಲೆಲ್ಲೂ ಅದೇ. ಹಾಲಿನ ಡಬ್ಬದ ಮೇಲೂ ಪುಟ್ಟದೊಂದು ಕೊಲೆಯ ಕಥೆ ಅಚ್ಚಾಗಿರುತ್ತದೆ.

ಯೈಲೋದಿಂದ ಮುಂದೆ ಸ್ವಲ್ಪ ದೂರ ಕಾರು, ಆಮೇಲೆ ಹಿಮದ ಮೇಲೆ ನಡಿಗೆ. ಮನೆ 1971ರಲ್ಲಿ ಸಹೋದ್ಯೋಗಿಯ ಅಪ್ಪ ಅಮ್ಮ ತಾವೇ ನಿಂತು ಕಟ್ಟಿಸಿದ್ದು. ಪೂರ್ತಿ ಮರದ್ದು. ನಲ್ಲಿಯಿಲ್ಲ, ಒಲೆಯ ಮೇಲೆ ಹಿಮ ಕರಗಿಸಿ ನೀರು ಮಾಡಿಕೊಳ್ಳಬೇಕು. ಎಂಬತ್ತರ ಅಜ್ಜಿ ನಮಗಿಂತ ಮೊದಲೇ ಬಂದು ಒಲೆ ಹೊತ್ತಿಸಿದ್ದರು. ಅವರ ಭಾಷೆಯಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ‘ನೀನು’ ಎನ್ನುತ್ತಾರೆ, ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರಲಿಲ್ಲ. ಮೊಮ್ಮಗಳು ಕರೆಯುವಂತೆ ನಾನೂ ಅಜ್ಜಿ ಎಂದೇ ಕರೆದೆ, ಅವರಿಗದು ಹಿಡಿಸಿತು.

ಶುಕ್ರವಾರ ಮೋಡವಿಲ್ಲದ ಆಕಾಶ. ಹಿಮದ ಮೇಲಿನ ಬಿಸಿಲಿಗೆ ಕಪ್ಪು ಕನ್ನಡಕವಿಲ್ಲದೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಮನೆಯ ದಕ್ಷಿಣದ ಗೋಡೆಗೆ ಅವರು ಬಿಸಿಲಗೋಡೆ ಎನ್ನುತ್ತಾರೆ. ಅದರ ಬುಡದಲ್ಲಿ ಹಿಮವನ್ನು ಗುದ್ದಲಿಯಿಂದ ಕೊಚ್ಚಿ ಬೆಂಚಿನ ಹಾಗೆ ಮಾಡಿ, ಹಿಮಸಾರಂಗದ ಚರ್ಮ ಹಾಸಿ ಕೂತೆವು. ಬೆನ್ನಿಗೆ ಮರದ ಹಲಗೆಯ ಬಿಸಿ, ಕಾಲ ಕೆಳಗೆ ಹೆಪ್ಪುಗಟ್ಟಿದ ಹಿಮ, ಕೈಯಲ್ಲಿ ಸುಲಿದ ಕಿತ್ತಳೆ. ಒಂದೂವರೆ ಗಂಟೆ ಯಾರೂ ಹೆಚ್ಚು ಮಾತಾಡಲಿಲ್ಲ. ಸೂರಿನಿಂದ ಹನಿ ಬೀಳುವ ಸದ್ದು ಮಾತ್ರ.

“ಈ ದಿನದ ಹೆಸರು ಲಾಂಗ್‌ಫ್ರೆದಾಗ್, ಉದ್ದನೆಯ ಶುಕ್ರವಾರ” ಎಂದು ಅಜ್ಜಿ ಮಾತು ತೆಗೆದರು. “ನಾನು ಚಿಕ್ಕವಳಿದ್ದಾಗ ನಿಜಕ್ಕೂ ಉದ್ದವಾಗಿರ್ತಿತ್ತು. ಚೆಂಡು ಮುಟ್ಟೋ ಹಾಗಿಲ್ಲ, ಹೊಲಿಗೆ ಹಾಕೋ ಹಾಗಿಲ್ಲ. ಜೋರಾಗಿ ನಕ್ಕರೆ ನಮ್ಮಪ್ಪ ತಲೆ ಎತ್ತಿ ನೋಡೋರು. ಅಷ್ಟೇ ಸಾಕಾಗ್ತಿತ್ತು.” ಅವರು ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದವರು. ಚರ್ಚಿನ ಸದಸ್ಯತ್ವವನ್ನು ಮೂವತ್ತರ ಹರೆಯದಲ್ಲಿ ಬರೆದುಕೊಟ್ಟು ಬಿಟ್ಟವರು. ಆಗ ಅಲ್ಲಿ ಚರ್ಚು ಸರ್ಕಾರದ್ದೇ ಅಂಗ. ಅದನ್ನು ಬೇರ್ಪಡಿಸಲು ಸಂವಿಧಾನ ತಿದ್ದಿದ್ದು 2012ರಲ್ಲಿ, ಚರ್ಚು ಪ್ರತ್ಯೇಕ ಸಂಸ್ಥೆಯಾದದ್ದು 2017ರಲ್ಲಿ. ಅಜ್ಜಿ ಆಮೇಲೆ ಹ್ಯುಮಾನ್-ಎಟಿಸ್ಕ್ ಫೊರ್‌ಬುನ್ ಎಂಬ ಮಾನವತಾವಾದಿಗಳ ಸಂಘ ಸೇರಿದರು. 1956ರಲ್ಲಿ ಹುಟ್ಟಿದ ಆ ಸಂಘಕ್ಕೆ ಈಗ ಲಕ್ಷಕ್ಕೂ ಮೀರಿ ಸದಸ್ಯರಿದ್ದಾರೆ. ಹರೆಯಕ್ಕೆ ಬಂದ ಮಕ್ಕಳಿಗೆ ಚರ್ಚಿನ ದೃಢೀಕರಣದ, ಅಂದರೆ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ವಿಧಿಯ ಬದಲು, ಬೇರೊಂದು ಸಮಾರಂಭ ಮಾಡುತ್ತಾರೆ. ಮಕ್ಕಳು ಕೆಲವು ತಿಂಗಳು ನೀತಿ, ಮಾನವ ಹಕ್ಕು, ವಿಚಾರ ಮಾಡುವ ರೀತಿಯ ಬಗ್ಗೆ ಕಲಿತು, ಊರಿನ ಮುಂದೆ ದೊಡ್ಡವರಾಗಿ ನಿಲ್ಲುತ್ತಾರೆ. ಮೊಮ್ಮಗಳ ಸರದಿ ಬರುವ ಮೇನಲ್ಲಿತ್ತು.

ನಂಬದವರ ನಡುವೆ ಓಡಾಡುವ ಮಾತೊಂದನ್ನು ನಾನೂ ಆಗ ಹೇಳಿದೆ. ಈಸ್ಟರ್ ಮೊದಲು ಎಯೋಸ್ತ್ರೆ ಎಂಬ ವಸಂತದ ದೇವತೆಯ ಹಬ್ಬವಾಗಿತ್ತು, ಕ್ರೈಸ್ತರು ಅದನ್ನು ಕಿತ್ತುಕೊಂಡರು, ಹಾಗಾಗಿ ನಂಬದವರು ಆಚರಿಸಿದರೆ ತಪ್ಪಿಲ್ಲ ಎಂದು. ಅಜ್ಜಿ ತಲೆಯಾಡಿಸಲಿಲ್ಲ. ಆ ದೇವತೆಯ ಹೆಸರು ನಮಗೆ ಗೊತ್ತಿರುವುದು ಎಂಟನೇ ಶತಮಾನದಲ್ಲಿ ಬೀಡ್ ಎಂಬ ಇಂಗ್ಲೆಂಡಿನ ಸನ್ಯಾಸಿ ಬರೆದ ಒಂದೆರಡು ಸಾಲಿನಿಂದ, ಅದರ ಮೇಲೆ ಅಷ್ಟು ದೊಡ್ಡ ಮನೆ ಕಟ್ಟಬಾರದು ಎಂದರು. ಪೋಸ್ಕೆ ಎಂಬ ಹೆಸರಂತೂ ಯೆಹೂದಿಗಳ ಪೆಸಾಹ್ ಹಬ್ಬದಿಂದ ಬಂದದ್ದು.

“ಕದ್ದ ಮಾಲನ್ನು ವಾಪಸ್ ತಗೊಂಡ್ವಿ ಅಂತ ಸಮಾಧಾನ ಮಾಡ್ಕೊಳ್ಳೋ ಅಗತ್ಯ ನಮಗಿಲ್ಲ. ಹಬ್ಬ ಅವರದ್ದು. ಐವತ್ತು ವರ್ಷದಿಂದ ಈ ಗೋಡೆಗೆ ಬೆನ್ನು ಕೊಟ್ಟು ಕೂತಿರೋದು ನಮ್ಮದು. ಅಷ್ಟು ಸಾಲದಾ?”

ಹತ್ತು ವರ್ಷ ನಾನು ಹಬ್ಬದ ಜೊತೆ ಮಾಡಿದ ಜಗಳವೆಲ್ಲ ಅದು ಯಾರ ಆಸ್ತಿ ಎಂಬುದರ ಬಗ್ಗೆಯೇ ಇತ್ತೆಂದು ಆಗ ಹೊಳೆಯಿತು. ಐವತ್ತು ವರ್ಷ ಒಂದೇ ಗೋಡೆಗೆ ಒರಗಿ ಕೂತವರಿಗೆ ಆ ಪ್ರಶ್ನೆಯೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಮೊಟ್ಟೆ ಕೆಲಸ. ಹುಡುಗಿ ನನ್ನೆದುರು ಕೂತು ತೋರಿಸಿಕೊಟ್ಟಳು. ಮೊಟ್ಟೆಯ ಚೂಪು ತುದಿಗೆ ದಪ್ಪ ಸೂಜಿಯನ್ನು ಒತ್ತಿ, ಒತ್ತಡ ಹೆಚ್ಚಿಸದೆ ಬೆರಳಲ್ಲೇ ತಿರುಗಿಸಬೇಕು. ಚಿಪ್ಪು ಒಳಗೆ ಬಿಟ್ಟುಕೊಟ್ಟದ್ದು ಬೆರಳಿಗೇ ತಿಳಿಯುತ್ತದೆ. ಇನ್ನೊಂದು ತುದಿಯ ತೂತು ಸ್ವಲ್ಪ ದೊಡ್ಡದಿರಬೇಕು. ಸೂಜಿಯನ್ನು ಆಳಕ್ಕೆ ಇಳಿಸಿ ಹಳದಿಯನ್ನು ಕಲಕದಿದ್ದರೆ ಅದು ತೂತಿಗೆ ಬಂದು ಕಟ್ಟಿಕೊಳ್ಳುತ್ತದೆ. ಆಮೇಲೆ ಸಣ್ಣ ತೂತಿಗೆ ತುಟಿಯಿಟ್ಟು ಊದುವುದು. ಮೊದಲು ಏನೂ ಆಗುವುದಿಲ್ಲ, ಕೆನ್ನೆ ನೋಯುತ್ತದೆ. ಆಮೇಲೆ ಕೆಳಗಿನ ಬಟ್ಟಲಿಗೆ ಬಿಳಿ ಲೋಳೆ ದಾರದ ಹಾಗೆ ಇಳಿಯುತ್ತದೆ, ಅದರ ಹಿಂದೆ ಹಳದಿ ದೊಪ್ಪೆಂದು ಬೀಳುತ್ತದೆ. ಕೈಯಲ್ಲಿ ಉಳಿದ ಚಿಪ್ಪಿಗೆ ತೂಕವೇ ಇಲ್ಲ, ಉಸಿರಿಗೆ ಅಲುಗುತ್ತದೆ. ನನ್ನ ಮೊದಲ ಎರಡು ಚಿಪ್ಪು ಒಡೆದವು, ಮೂರನೆಯದು ಉಳಿಯಿತು.

ಅವಳಮ್ಮ ಒಲೆಯ ಬಳಿ ಆ ಮೊಟ್ಟೆಗಳನ್ನೆಲ್ಲ ಆಮ್ಲೆಟ್ ಮಾಡುತ್ತ, ಈಸ್ಟರ್‌ಗೆ ಮೊಟ್ಟೆ ಯಾಕೆ ಬಂತೆಂದು ಹೇಳಿದಳು. ಹಿಂದೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿಗಳು ಇಡುವುದನ್ನು ನಿಲ್ಲಿಸುತ್ತಿರಲಿಲ್ಲವಲ್ಲ, ಉಪವಾಸ ಮುಗಿಯುವ ಹೊತ್ತಿಗೆ ಮನೆತುಂಬ ಮೊಟ್ಟೆ. ನಾವು ಬಣ್ಣ ಬಳಿದು ದಾರ ಪೋಣಿಸಿದ ಏಳು ಚಿಪ್ಪುಗಳನ್ನು ನೀರಿನಲ್ಲಿ ನಿಲ್ಲಿಸಿದ್ದ ಬರ್ಚ್ ಕೊಂಬೆಗೆ ತೂಗುಹಾಕಿದೆವು. ಅಜ್ಜಿ ಎರಡು ವಾರ ಮುಂಚೆಯೇ ತಮ್ಮ ಮನೆಯಲ್ಲಿ ನೀರಿಗಿಟ್ಟು ತಂದ ಕೊಂಬೆ ಅದು. ಹೊರಗೆ ಎದೆಮಟ್ಟದ ಹಿಮ, ಒಳಗೆ ಅದರ ತುದಿಯಲ್ಲಿ ಇಲಿಯ ಕಿವಿಯಷ್ಟು ಹಸಿರು ಎಲೆ. ನಡುವೆ ಅಜ್ಜಿ ತಗಡಿನ ಡಬ್ಬದಲ್ಲಿ ಹತ್ತಿಯೊಳಗೆ ಇಟ್ಟಿದ್ದ ಹಳೆಯ ಚಿಪ್ಪೊಂದನ್ನು ತೋರಿಸಿದರು. ಮಗಳು ಏಳು ವರ್ಷದವಳಿದ್ದಾಗ ಬಳಿದದ್ದು. ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಮಧ್ಯಾಹ್ನ ಸ್ಕೀ ಹಾಕಿಕೊಂಡು ಬೋಳು ಗುಡ್ಡವೊಂದರ ಕಡೆ ಹೊರಟೆವು. ಅರ್ಧ ದಾರಿಯಲ್ಲಿ ಪಶ್ಚಿಮದಿಂದ ಮಂಜು ಎದ್ದಿತು. ಹತ್ತು ನಿಮಿಷದಲ್ಲಿ ನೆಲ ಯಾವುದು ಆಕಾಶ ಯಾವುದು ಎಂಬ ಗೆರೆಯೇ ಅಳಿಸಿ ಹೋಯಿತು. ಗುಡ್ಡದ ತುದಿಗೆ ಇನ್ನು ಎರಡು ಕಿಲೋಮೀಟರ್ ಇರಬಹುದು, ಹೋಗೋಣ ಎಂದು ನನಗೆ ಆಸೆ. ಹುಡುಗಿ ಜೇಬಿನಿಂದ ಕ್ವಿಕ್ ಲುನ್ಶ್ ಚಾಕಲೇಟು ತೆಗೆದು ಹೊದಿಕೆ ಬಿಚ್ಚಿದಳು. 1937ರಿಂದ ಬರುತ್ತಿರುವ, ಕೆಂಪು ಹಳದಿ ಹಸಿರು ಪಟ್ಟೆಯ ಚಾಕಲೇಟು. ಹೊದಿಕೆಯ ಒಳಮೈಯಲ್ಲಿ ಬೆಟ್ಟದ ಒಂಬತ್ತು ನಿಯಮಗಳು ಅಚ್ಚಾಗಿರುತ್ತವೆ. ಅವಳು ಎಂಟನೆಯದರ ಮೇಲೆ ಬೆರಳಿಟ್ಟಳು. ಹೊತ್ತು ಮೀರುವ ಮುನ್ನ ತಿರುಗಿ ಬಾ, ತಿರುಗಿ ಬರುವುದರಲ್ಲಿ ನಾಚಿಕೆಯಿಲ್ಲ. 1967ರ ಈಸ್ಟರ್ ರಜೆಯಲ್ಲಿ ಬೆಟ್ಟಗಳಲ್ಲಿ 18 ಜನ ಸತ್ತ ಮೇಲೆ ಆ ನಿಯಮಗಳನ್ನು ದೇಶದ ಎಲ್ಲರ ಬಾಯಿಪಾಠ ಮಾಡಿಸಿದರಂತೆ. ನಾವು ತಿರುಗಿದೆವು. ಇಳಿಯುತ್ತಿರುವಾಗ ನಮ್ಮದೇ ಸ್ಕೀ ಗೆರೆಗಳ ಮೇಲೆ ಹೊಸ ಹಿಮ ತುಂಬುತ್ತಿತ್ತು. ಹದಿನೈದರ ಹುಡುಗಿ ಮುಂದೆ, ನಾನು ಅವಳ ಕೆಂಪು ಚೀಲವನ್ನೇ ನೋಡುತ್ತ ಹಿಂದೆ. ಪ್ರಾರ್ಥನೆ ಕೇಳಿಸದ ಆ ಮನೆಯಲ್ಲಿ ಎಲ್ಲರೂ ಕಣ್ಣಿಗೊತ್ತಿಕೊಂಡು ಪಾಲಿಸುವ ಮಾತುಗಳೆಂದರೆ ಇವೇ ಎಂದು ನನಗನ್ನಿಸಿತು.

ಸಂಜೆ ಕುರಿಮರಿಯ ತೊಡೆ ಬೆಂದಿತ್ತು. ಮೇಣದಬತ್ತಿ ಹಚ್ಚಿ, ಯಾರೂ ಏನೂ ಹೇಳದೆ ಊಟಕ್ಕೆ ಕೂತೆವು. ಊಟಕ್ಕೆ ಮೊದಲು ನನ್ನನ್ನು ಹೊರಗೆ ಕಳಿಸಿದ್ದರು. ಹಿಮದಲ್ಲಿ ಎಲ್ಲೋ ನನ್ನ ಹೆಸರಿನ ರಟ್ಟಿನ ಮೊಟ್ಟೆಯಿದೆ, ಹುಡುಕು ಎಂದು. ತಲೆಯಷ್ಟು ದೊಡ್ಡ ಆ ಮೊಟ್ಟೆ ಸೌದೆ ರಾಶಿಯ ಹಿಂದೆ ಸಿಕ್ಕಿತು. ಎರಡು ಹೋಳಾಗಿ ಬಿಚ್ಚಿಕೊಂಡಿತು, ಒಳಗೆ ತುಂಬ ಮಿಠಾಯಿ. ಈ ವಯಸ್ಸಿನಲ್ಲಿ ನನಗಾಗಿ ಯಾರೋ ಏನನ್ನೋ ಅಡಗಿಸಿಟ್ಟು ಕಿಟಕಿಯಿಂದ ನೋಡುತ್ತಿದ್ದಾರೆ ಎಂಬುದಕ್ಕೆ ಗಂಟಲು ಕಟ್ಟಿತು. ರಾತ್ರಿ ರೇಡಿಯೊದಲ್ಲಿ ಪತ್ತೇದಾರಿ ನಾಟಕದ ಕೊನೆಯ ಕಂತು. ಕೊಲೆಗಾರ ಯಾರೆಂದು ಎಲ್ಲರೂ ಮೊದಲೇ ಚೀಟಿ ಬರೆದಿಟ್ಟಿದ್ದೆವು. ಹುಡುಗಿಯ ಊಹೆ ಮಾತ್ರ ಸರಿಯಾಯಿತು.

ಆ ವರ್ಷ ಈಸ್ಟರ್ ಬೇಗ ಬಂದಿತ್ತು. ಮಾರ್ಚ್ 21ರಿಂದ ಈಚೆಗೆ ಬರುವ ಮೊದಲ ಹುಣ್ಣಿಮೆ, ಅದರ ಮುಂದಿನ ಭಾನುವಾರ ಎಂಬುದು ಲೆಕ್ಕ. ಹುಣ್ಣಿಮೆ 25ಕ್ಕೆ ಬಿದ್ದಿತ್ತು, ಹಬ್ಬ 31ಕ್ಕೆ. ಅದೇ ರಾತ್ರಿ ಯೂರೋಪಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ರಾತ್ರಿ. ಬೆಳಿಗ್ಗೆ ಅಜ್ಜಿ ಕುರ್ಚಿ ಹತ್ತಿ ಗೋಡೆ ಗಡಿಯಾರದ ಮುಳ್ಳು ತಿರುಗಿಸಿದರು. ಇಳಿದವರೇ ಅಟ್ಟದಿಂದ ದಪ್ಪ ಪುಸ್ತಕವೊಂದನ್ನು ತೆಗೆದರು.

ಅಲ್ಲಿನ ಹೆಚ್ಚಿನ ಬೆಟ್ಟದ ಮನೆಗಳಲ್ಲಿ ಇಂಥ ಪುಸ್ತಕವಿರುತ್ತದೆ. ಬಂದವರು ಯಾರು, ಹವೆ ಹೇಗಿತ್ತು, ಎಲ್ಲಿಗೆ ಹೋದರು ಎಂದು ಬರೆದಿಡುವುದು. ಉಪಾಹಾರಕ್ಕೆ ಕೂತು 1971ರಿಂದ ಪ್ರತಿ ಈಸ್ಟರ್‌ನ ನಾಲ್ಕು ಸಾಲನ್ನು ಗಟ್ಟಿಯಾಗಿ ಓದುವುದು ಈ ಮನೆಯ ರೂಢಿ. ಓದುವವರು ಪುಟಕ್ಕೊಬ್ಬರಂತೆ ಬದಲಾಗುತ್ತಾರೆ. ಹಿಮಪಾತ, ಹಲ್ಲುನೋವು, ಮಗಳ ಮೊದಲ ಸ್ಕೀ, ತೀರಿಹೋದ ನಾಯಿ. ಅಜ್ಜನ ಅಕ್ಷರ 2016ರವರೆಗೆ ಇತ್ತು, ಆಮೇಲಿನದು ಅಜ್ಜಿಯದು. ಆ ಅಕ್ಷರ ನಿಂತ ಕಡೆ ಓದು ಒಂದು ಕ್ಷಣ ನಿಂತು ಮುಂದುವರಿಯಿತು.

2020ರ ಪುಟದಲ್ಲಿ ‘ಏಪ್ರಿಲ್ 12’ ಎಂದು ಮೇಲ್ಗಡೆ ಬರೆದದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕೊರೊನಾದ ಆ ವಸಂತದಲ್ಲಿ ಸ್ವಂತ ಊರಿನ ಆಡಳಿತದ ಗಡಿಯಾಚೆ ಇರುವ ಬೆಟ್ಟದ ಮನೆಗಳಲ್ಲಿ ರಾತ್ರಿ ತಂಗುವುದನ್ನು ಸರ್ಕಾರ ನಿಷೇಧಿಸಿತ್ತು. ಅಜ್ಜಿ ಮರುವರ್ಷ ಬಂದಾಗ ಒಂದು ಪುಟ ಖಾಲಿ ಬಿಟ್ಟು, ಮುಂದಿನದರಿಂದ ಬರೆದರು. ಅದನ್ನು ಓದುವ ಸರದಿ ನನ್ನದಾಗಿತ್ತು. ಏನು ಮಾಡಬೇಕೆಂದು ನೋಡಿದೆ. “ದಿನಾಂಕ ಓದು, ಸಾಕು” ಎಂದರು. ಓದಿದೆ. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಕೊನೆಗೆ ಪೆನ್ನನ್ನೂ ನನಗೇ ಕೊಟ್ಟರು. ಅತಿಥಿ ಇದ್ದಾಗ ಅತಿಥಿಯೇ ಬರೆಯಬೇಕು, ತನ್ನ ಭಾಷೆಯಲ್ಲೇ. ನಾನು ಕನ್ನಡದಲ್ಲಿ ಬರೆದೆ: “2024 ಮಾರ್ಚ್ 31, ಭಾನುವಾರ. ನಿನ್ನೆ ಮಂಜು, ಅರ್ಧ ದಾರಿಯಿಂದ ತಿರುಗಿ ಬಂದೆವು. ಕೊಲೆಗಾರ ಸಿಕ್ಕಿದ. ಕೊಂಬೆಯಲ್ಲಿ ಏಳು ಮೊಟ್ಟೆ.”

ಏನು ಬರೆದೆ ಹೇಳು ಎಂದು ಅಜ್ಜಿ ಕೇಳಿದರು. ಅವರ ಭಾಷೆಯಲ್ಲಿ ಹೇಳಿದೆ. “ಎಂಟು” ಎಂದರು.

ತಿರುಗಿ ನೋಡಿದೆ. ಹಳೆಯ ಇಟ್ಟಿಗೆ ಬಣ್ಣದ್ದು ಎಲ್ಲಕ್ಕಿಂತ ಮೇಲಿನ ಕವಲಿನಲ್ಲಿ ತೂಗುತ್ತಿತ್ತು, ರಾತ್ರಿ ಯಾವಾಗಲೋ ಕಟ್ಟಿದ್ದರು. ಏಳನ್ನು ಹೊಡೆದು ಹಾಕಿ ಎಂಟು ಎಂದು ತಿದ್ದಿದೆ.